ಮಾವನ ಕಾಲಿಗೆ ನಾನು ಹೊತ್ತ ಹರಕೆ

ನಾನು ಡ್ರಿಲ್ ಮಾಸ್ತರನಾದದ್ದು ನನ್ನ ಮೈಕಟ್ಟು ನೋಡಿ ಅಲ್ಲ. ಆ ದಿನಗಳಲ್ಲಿ ನನ್ನನ್ನು ಕಂಡವರು ಈತ ಮಿಠಾಯಿ ಅಂಗಡಿಯವನೋ ಮಠದ ಅಡುಗೆಯವನೋ ಎಂದುಕೊಳ್ಳುತ್ತಿದ್ದರೇ ಹೊರತು ವ್ಯಾಯಾಮ ಕಲಿಸುವವನು ಎಂದು ಕನಸಿನಲ್ಲೂ ಅನ್ನುತ್ತಿರಲಿಲ್ಲ. ಗಜೇಂದ್ರಗಡದ ಸಾಲೆಗೆ ಒಬ್ಬ ಡ್ರಿಲ್ ಮಾಸ್ತರ ಬೇಕಾಗಿದ್ದ, ನನ್ನ ಹತ್ತಿರ ಒಂದು ಬೇಸಿಗೆಯ ತರಬೇತಿಯ ಸರ್ಟಿಫಿಕೇಟು ಇತ್ತು. ಆ ತರಬೇತಿಗೆ ನಾನು ಹೋದದ್ದಾದರೂ ಅಲ್ಲಿ ಊಟ ಚಲೋ ಇರುತ್ತದೆ ಎಂದು ಯಾರೋ ಹೇಳಿದ್ದರಿಂದ. ಊಟ ಚಲೋನೇ ಇತ್ತು.

ಸಾಲೆಯಲ್ಲಿ ನನ್ನ ಕೆಲಸದ ರೀತಿ ಸರಳವಾಗಿತ್ತು. ಬೇವಿನ ಗಿಡದ ನೆರಳಿಗೆ ಕುರ್ಚಿ, ಕುರ್ಚಿಯಲ್ಲಿ ನಾನು, ಬಾಯಲ್ಲಿ ಸೀಟಿ. ಮಕ್ಕಳು ನಾಲ್ಕು ನುಡಿಯವರು. ನೇಕಾರ ಓಣಿಯವರ ಮನೆಮಾತು ತೆಲುಗು, ಬಳೆಗಾರರ ಓಣಿಯವರದು ಉರ್ದು, ಕೋಟೆಯ ಕೆಳಗಿನ ಮನೆಯವರದು ಮರಾಠಿ, ಪುರ್ತಗೇರಿಯಿಂದ ನಡೆದು ಬರುತ್ತಿದ್ದ ಒಕ್ಕಲು ಮಕ್ಕಳದು ನಮ್ಮ ಕನ್ನಡ. ನಾಡು ಒಂದಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮುಂಬಯಿ ಸರಕಾರ ಇದ್ದಾಗ ಕಲಿತ ಹುಕುಮುಗಳನ್ನು ಈಗ ಯಾವ ಭಾಷೆಯಲ್ಲಿ ಕೂಗಬೇಕು ಎಂದು ಬೇರೆ ಮಾಸ್ತರರು ವಾದ ಮಾಡುತ್ತಿದ್ದರು. ನಾನು ಆ ತೊಡಕಿಗೇ ಬೀಳಲಿಲ್ಲ. ಸೀಟಿ ಒಮ್ಮೆ ಊದಿದರೆ ಓಡಬೇಕು, ಮತ್ತೊಮ್ಮೆ ಊದಿದರೆ ನಿಲ್ಲಬೇಕು. ಎಷ್ಟೋ ಸಲ ಮತ್ತೊಮ್ಮೆ ಊದುವ ಮೊದಲೇ ನನಗೆ ಕಣ್ಣು ಹತ್ತಿಬಿಡುತ್ತಿತ್ತು, ಮಕ್ಕಳು ಓಡುತ್ತಲೇ ಇರುತ್ತಿದ್ದರು. ಹೀಗಾಗಿ ನಮ್ಮ ಸಾಲೆಯ ಹುಡುಗರು ರೋಣ ತಾಲೂಕಿನಲ್ಲೆಲ್ಲ ಓಟಕ್ಕೆ ಹೆಸರಾದರು, ಅವರ ಜೊತೆಗೆ ನನಗೂ ಹೆಸರು ಬಂತು.

ನನ್ನ ಸ್ವಂತ ಊರು ನರಗುಂದ. ಗಜೇಂದ್ರಗಡದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವನಿಗೆ ಮಕ್ಕಳಿರಲಿಲ್ಲ. ಮಕ್ಕಳಿಗೆ ಇಡಬೇಕಾಗಿದ್ದ ತುಪ್ಪವನ್ನೆಲ್ಲ ಅವನೂ ಅತ್ತಿಯೂ ಸೇರಿ ನನ್ನ ತಾಟಿಗೆ ಹಾಕಿದ್ದರು, ಅದರ ಫಲ ನನ್ನ ಹೊಟ್ಟೆಯ ಮೇಲೆ ಕಾಣುತ್ತಿತ್ತು. ಮಾವನದು ಪೇಟೆಯಲ್ಲಿ ಬೆಲ್ಲದ ಅಂಗಡಿ. ಅಂಗಡಿಯಲ್ಲಿ ಅವನದೊಂದು ಪದ್ಧತಿ ಇತ್ತು. ಗಿರಾಕಿ ಬಂದರೆ ಬೆಲ್ಲದ ಪೆಂಟೆಯಿಂದ ಒಂದು ಚೂರು ಕೆತ್ತಿ ಮೊದಲು ತನ್ನ ಬಾಯಿಗೆ ಹಾಕಿಕೊಳ್ಳುವುದು, ಇನ್ನೊಂದು ಚೂರು ಕೆತ್ತಿ ಗಿರಾಕಿಯ ಕೈಗೆ ಕೊಡುವುದು. "ಮಾರಾಂವ ತಿನ್ನಲಾರದ ಬೆಲ್ಲ ಕೊಳ್ಳಾಂವ ಯಾಕ ತಿನಬೇಕು?" ಎನ್ನುತ್ತಿದ್ದ. ಸುತ್ತಿನ ಹಳ್ಳಿಯವರು, ದೂರದ ಮುಶಿಗೇರಿಯವರು ಕೂಡ, ಈ ಒಂದು ಮಾತಿಗಾಗಿ ಬೇರೆ ಅಂಗಡಿ ದಾಟಿ ಇವನಲ್ಲಿಗೆ ಬರುತ್ತಿದ್ದರು. ಮುಂಜಾನೆಯಿಂದ ಸಂಜೆಯ ತನಕ ಎಷ್ಟು ಗಿರಾಕಿಯೋ ಅಷ್ಟು ಚೂರು.

ಒಂದು ಮಳೆಗಾಲದಲ್ಲಿ ಹೊಸ ಚಪ್ಪಲಿ ಕಚ್ಚಿ ಮಾವನ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಅರಿಶಿನ ಹಚ್ಚಿದರು, ಬೇವಿನ ಎಲೆ ಅರೆದು ಕಟ್ಟಿದರು, ಗಾಯ ಮಾತ್ರ ಮಾಯಲಿಲ್ಲ. ಕೊನೆಗೆ ರೋಣದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಕ್ಕೆ ಮಾವನ ಮೂತ್ರದ ಹನಿ ಹಾಕಿ, ದೀಪದ ಮೇಲೆ ಹಿಡಿದು ಕಾಯಿಸಿದರು. ನೀಲಿ ನೀಲಿಯಾಗಿಯೇ ಉಳಿದರೆ ಚಲೋ, ಹಸಿರಾದರೆ ಎಚ್ಚರಿಕೆ ಎಂದು ಹೇಳುತ್ತಿರುವಾಗಲೇ ಅದು ಹಸಿರನ್ನು ದಾಟಿ ಇಟ್ಟಂಗಿಯ ಕೆಂಪು ಬಣ್ಣಕ್ಕೆ ಬಂದು ನಿಂತಿತು. ಮಾವನಿಗೆ ಸಕ್ಕರೆ ಕಾಯಿಲೆ.

ಗಾಯ ಒಣಗಲು ರೋಣದಲ್ಲಿ ನೆಂಟರ ಮನೆಯಲ್ಲಿದ್ದು ಬಹಳ ದಿನ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು. ಹೊರಡುವ ದಿನ ಡಾಕ್ಟರು ಮಾವನನ್ನು ಎದುರಿಗೆ ಕೂರಿಸಿಕೊಂಡರು.

"ಈ ಸಲ ಬೆರಳು ಉಳಿದಿದೆ, ಸಾಹುಕಾರರೇ. ಇನ್ನೊಂದು ಸಲ ಹೀಗಾದರೆ ಕಾಲೇ ಹೋಗುತ್ತೆ. ಸಿಹಿ ಮುಟ್ಟಬೇಡಿ. ದಿನಾ ಬೆಳಿಗ್ಗೆ ಚೆನ್ನಾಗಿ ನಡೀರಿ. ಚಪ್ಪಲಿ ಇಲ್ಲದೆ ಮಾತ್ರ ಒಂದು ಹೆಜ್ಜೆಯೂ ಇಡಬೇಡಿ."

"ಅದನ್ನ ನನಗ ಬಿಡ್ರಿ ಡಾಕ್ಟರ್‌ಸಾಹೇಬ್ರ," ಎಂದೆ ನಾನು. "ವ್ಯಾಯಾಮ ನನ್ನ ಉದ್ಯೋಗಾನ ಐತಿ."

ಡಾಕ್ಟರು ನನ್ನ ಮುಖ ನೋಡಿದರು, ಆಮೇಲೆ ಕೆಳಗೆ ಹೊಟ್ಟೆ ನೋಡಿದರು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದ. ಕಾಲಿನ ಚಿಂತೆ ಇರಬೇಕು ಎಂದುಕೊಂಡೆ. ಅವನ ಚಿಂತೆ ಬೇರೆಯೇ ಇತ್ತು. "ಲೇ, ಈ ಮಾತ ಊರಾಗ ಒಂದ್ ಪಿಳ್ಳಿಗೂ ತಿಳೀಬಾರದು," ಎಂದ. "ಬೆಲ್ಲದಂಗಡ್ಯಾವಗ ಸಕ್ಕರಿ ಬ್ಯಾನಿ ಬಂತಂದ್ರ ಅಂವನ ಬೆಲ್ಲ ಯಾರ ಕೊಳ್ತಾರ? ಅದನ್ನ ತಿಂದ ಹಿಂಗಾತು ಅಂತಾರ." ನಾನು ನಕ್ಕೆ. ಅವನು ನಗಲಿಲ್ಲ. ಮರುದಿನದಿಂದ ಅಂಗಡಿಯಲ್ಲಿ ಗಿರಾಕಿಯ ಎದುರು ಚೂರು ಬಾಯಿಗೆ ಹಾಕಿಕೊಂಡು, ಆತ ಬೆನ್ನು ತಿರುಗಿಸಿದ ಕೂಡಲೇ ಗಾದಿಯ ಹಿಂದೆ ಉಗುಳತೊಡಗಿದ. ಇರುವೆಗಳಿಗೆ ಒಳ್ಳೆಯ ಕಾಲ ಬಂತು.

ಇನ್ನು ನಡಿಗೆ. ನಡೆಯುವುದರಲ್ಲಿ ಏನಿದೆ ಎಂದು ನಾನು ತಿಳಿದಿದ್ದೆ. ಕಾಲು ಇದ್ದವರೆಲ್ಲ ನಡೆಯುತ್ತಾರೆ. ಆದರೆ ನಮ್ಮ ಊರಲ್ಲಿ ಯಾರೂ ಸುಮ್ಮನೆ ನಡೆಯುತ್ತಿರಲಿಲ್ಲ. ಹೊಲಕ್ಕೆ ನಡೆಯುತ್ತಿದ್ದರು, ಸಂತೆಗೆ ನಡೆಯುತ್ತಿದ್ದರು, ಸತ್ತವರ ಮನೆಗೆ ನಡೆಯುತ್ತಿದ್ದರು. ಊರ ಹೊರಗಿನ ಬಯಲಿಗೆ ಹೋಗೋಣವೆಂದರೆ ಮುಂಜಾನೆ ಅಲ್ಲಿಗೆ ಕೈಯಲ್ಲಿ ಚರಿಗೆ ಹಿಡಿದವರೇ ಹೋಗುವುದು. ಚರಿಗೆ ಇಲ್ಲದೆ ಇಬ್ಬರು ಗಂಡಸರು ಅಲ್ಲಿ ಅತ್ತಿಂದಿತ್ತ ಅಡ್ಡಾಡಿದರೆ ಕೂತವರಿಗೆ ಹೇಗಾಗಬೇಡ? ಒಂದು ದಿನ ಹೋಗಿ ನೋಡಿದೆವು. ಎದ್ದು ನಿಂತವರ ಬೈಗುಳ ಕೇಳಿ ಊರೊಳಗೆ ಬಂದೆವು.

ಊರೊಳಗೆ ಇನ್ನೊಂದು ಪೇಚು. ಹೊರಟವರನ್ನು ಎಲ್ಲಿಗೆ ಎಂದು ನೇರ ಕೇಳುವುದು ಅಪಶಕುನ. ಆದ್ದರಿಂದ ಜನ ಸುತ್ತುಹಾಕಿ, "ದೂರ ಹೊಂಟ್ರೇನ್ರಿ ಸಾವಕಾರ್ರ?" ಎಂದು ಕೇಳುತ್ತಾರೆ. ಕೇಳಿದ ಮೇಲೆ ಒಂದು ಊರಿನದೋ ಓಣಿಯದೋ ಹೆಸರು ಹೇಳಲೇಬೇಕು. ಮೊದಲ ದಿನ ನೇಕಾರ ಓಣಿಯಲ್ಲಿ, ಮನೆಯ ಮುಂದೆ ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚುತ್ತಿದ್ದ ಒಬ್ಬ ಅಜ್ಜಿ ಹೀಗೆ ಕೇಳಿದಳು.

"ಎಲ್ಲಿಗೂ ಇಲ್ಲಬೇ, ಹಂಗ ಸುಮ್ಮ," ಎಂದೆ ನಾನು ಜಾಣನಂತೆ.

"ಸುಮ್ಮ ಹೊಂಟಿದ್ರ ಬರ್ರಿ, ಕೂಡ್ರಿ," ಎಂದಳು ಅಜ್ಜಿ.

ಈ ತರ್ಕಕ್ಕೆ ನನ್ನ ತರಬೇತಿಯಲ್ಲಿ ಉತ್ತರ ಕಲಿಸಿರಲಿಲ್ಲ. ಕೆಲಸವಿಲ್ಲದೆ ಬಾಗಿಲ ಮುಂದೆ ಬಂದವನು ಅತಿಥಿ. ಅತಿಥಿಗೆ ಕೂರಲು ಚಾಪೆ, ಕುಡಿಯಲು ತಂಬಿಗೆ ನೀರು, ನೀರಿನ ಜೊತೆ ಒಂದು ಹಿಡಿ ಬೆಲ್ಲ. ಬೆಲ್ಲ ಇಲ್ಲದೆ ಬರೇ ನೀರು ಕೊಟ್ಟರೆ ಆ ಮನೆಯವರು ಬಂದವರನ್ನು ಮನುಷ್ಯರೆಂದು ಎಣಿಸಲಿಲ್ಲ ಎಂದಾಗುತ್ತದೆ. ಅಜ್ಜಿ ಬೆಲ್ಲದ ತಟ್ಟೆಯನ್ನು ಮಾವನ ಮುಂದೆ ಹಿಡಿದು, "ನಿಮ್ಮಂಗಡೀದ ಐತಿ, ನೋಡ್ರಿ ಹ್ಯಾಂಗೈತಿ," ಎಂದಳು. ಮಾವ ನನ್ನ ಮುಖ ನೋಡಿದ. ತನ್ನ ಅಂಗಡಿಯ ಬೆಲ್ಲವನ್ನು ತಾನೇ ಬೇಡವೆಂದ ಸಾವಕಾರನ ಸುದ್ದಿ ಮಧ್ಯಾಹ್ನದೊಳಗೆ ಪೇಟೆ ಮುಟ್ಟುತ್ತದೆ. ಇಲ್ಲಿ ಹಿಂದೆ ಉಗುಳಲು ಗಾದಿಯೂ ಇರಲಿಲ್ಲ. ತಿಂದ.

ಅಲ್ಲಿಂದ ಎದ್ದು ಬಳೆಗಾರರ ಓಣಿಗೆ ಬಂದರೆ ಬಳೆ ಅಂಗಡಿಯ ಸಾಹೇಬರು ಚಹಾ ತರಿಸಿದರು. ಅವರ ಮನೆಯ ಚಹಾದಲ್ಲಿ ಚಮಚ ನಿಲ್ಲಿಸಿದರೆ ನಿಲ್ಲುತ್ತಿತ್ತು. ಕೋಟೆಯ ಕೆಳಗಿನ ಓಣಿಯಲ್ಲಿ ಪಲ್ಟಣಿಯಿಂದ ಪೆನ್ಶನ್ನು ಪಡೆದು ಬಂದ ಒಬ್ಬ ಮರಾಠಿ ಸುಭೇದಾರರು ಶಿರಾ ಮಾಡಿಸಿದರು. ತೆಲುಗಿನಲ್ಲಿ ಕೂರ್ಚೋ, ಉರ್ದುವಿನಲ್ಲಿ ಬೈಠೋ, ಮರಾಠಿಯಲ್ಲಿ ಬಸಾ. ನಡಿಗೆಯ ಪ್ರಚಾರಕ್ಕೆಂದು ಹೊರಟ ನಾನು ಮೂರೂ ಭಾಷೆಯಲ್ಲಿ ಮೊದಲು ಕಲಿತ ಮಾತು 'ಕೂಡ್ರಿ' ಎಂಬುದು. 'ನಡೀರಿ' ಎಂಬುದಕ್ಕೆ ಆ ಭಾಷೆಗಳಲ್ಲಿ ಏನೆನ್ನುತ್ತಾರೋ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ.

ಒಂದು ಓಣಿ ತಪ್ಪಿಸಿದರೆ ಅದೊಂದು ಮುನಿಸು. "ಅವರ ಮನೀಗೆ ಹೋಗ್ತೀರಿ, ನಮ್ಮ ಮನೀಗೆ ಯಾಕ ಇಲ್ಲ?" ಎಂದು ಸುಭೇದಾರರು ರಸ್ತೆಯಲ್ಲಿ ತಡೆದು ಕೇಳಿದ ಮೇಲೆ ನಾನು ಎಲ್ಲ ಓಣಿಗಳಿಗೂ ಪಾಳಿ ಹಚ್ಚಿದೆ. ನನ್ನ ಈ ಏರ್ಪಾಡಿನ ಬಗ್ಗೆ ನನಗೆ ಹೆಮ್ಮೆಯೂ ಆಯಿತು. ಮಾವನ ಪಾಲಿನದನ್ನು ಆದಷ್ಟು ನಾನೇ ತಿನ್ನುತ್ತಿದ್ದೆ, ಅದು ಸೇವೆ ಎಂದು ನನ್ನ ಭಾವನೆ. ಆದರೂ ಮೊದಲ ತುತ್ತು ಹಿರಿಯರದು, ಅದನ್ನು ಅವನೇ ತಿನ್ನಬೇಕಾಗುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಮ್ಮನ್ನು ನೋಡಿಯೇ ಮಾಡಿರಬೇಕು.

ಮತ್ತೆ ರೋಣಕ್ಕೆ ಹೋದಾಗ ಡಾಕ್ಟರು ನಳಿಗೆ ಕಾಯಿಸಿದರು. ಅದು ಹಸಿರಿನಲ್ಲಿ ಒಂದು ಗಳಿಗೆ ಕೂಡ ನಿಲ್ಲದೆ ಇಟ್ಟಂಗಿಯಾಯಿತು, ಮೊದಲಿಗಿಂತ ಕೆಂಪಾಯಿತು.

"ನಡೆದಿರಾ?"

"ದಿನಾ ನಡದೀವ್ರಿ," ಎಂದೆ.

"ನಿಮ್ಮನ್ನಲ್ಲ ಕೇಳಿದ್ದು," ಎಂದರು. ಮಾವನ ಕಾಲನ್ನು ಎತ್ತಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ಹೊಸ ಕಪ್ಪು ಕಲೆ ಇತ್ತು. ನಾನು ಅದನ್ನು ನೋಡಿರಲಿಲ್ಲ. "ಇನ್ನು ಸ್ವಲ್ಪ ಕಾಲ ನೋಡುತ್ತೇನೆ. ಸಕ್ಕರೆ ಇಳಿಯದಿದ್ದರೆ ಹುಬ್ಬಳ್ಳಿಗೆ ಕಳಿಸುತ್ತೇನೆ. ಅಲ್ಲಿ ಬೆರಳಿಗೆ ಮುಗಿಸುವುದಿಲ್ಲ, ಮೊಣಕಾಲಿನ ತನಕ ತೆಗೆಯುತ್ತಾರೆ."

ಮನೆಗೆ ಬಂದ ಮೇಲೆ ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕೂತು, "ಹೋಗಲಿ ಬಿಡು. ಗಾದಿ ಮ್ಯಾಲ ಕುಂತ್ ಬೆಲ್ಲ ಮಾರಾಕ ಕಾಲ್ ಯಾಕ ಬೇಕು?" ಎಂದು ನಗಲು ನೋಡಿದ. ನಗು ಪೂರ್ತಿಯಾಗಲಿಲ್ಲ. ಅತ್ತಿ ಒಳಗೆ ಎದ್ದು ಹೋದಳು. ಎತ್ತಿ ಆಡಿಸಿ ಬೆಳೆಸಿದ ಮಾವನ ಕಾಲು ನನ್ನ ಬುದ್ಧಿವಂತಿಕೆಯಿಂದ ಹೋಗುವಂತಾಗಿತ್ತು. ಆ ರಾತ್ರಿ ನಾನು ಎರಡೇ ರೊಟ್ಟಿ ತಿಂದೆ, ಅದರಿಂದಲೇ ನನ್ನ ದುಃಖದ ಆಳ ಮನೆಯವರಿಗೆ ತಿಳಿಯಿತು.

ಉಪಾಯ ಹೇಳಿದ್ದು ಅತ್ತಿ. ಮುಂಜಾನೆ ರೊಟ್ಟಿ ಬಡಿಯುತ್ತಾ, ನಮ್ಮ ಕಡೆ ನೋಡದೆಯೇ ಹೇಳಿದಳು. "ಈ ಊರಾಗ ಓಣ್ಯಾಗ ಹೊಂಟವ್ರನ್ನ ಎಲ್ಲಾರನೂ ಕರೀತಾರ. ಹರಕಿ ಹೊತ್ತವ್ರನ್ನ ಮಾತ್ರ ಕರ್ಯಾಂಗಿಲ್ಲ."

ಖರೆ ಮಾತು. ಮಿಂದು, ಒದ್ದೆ ಧೋತರ ಉಟ್ಟು, ಬಾಯಿ ಮುಚ್ಚಿಕೊಂಡು ಗುಡ್ಡದ ಗುಡಿಗೆ ನಡೆಯುವವರನ್ನು ಯಾರೂ ತಡೆಯುವುದಿಲ್ಲ, ಎಲ್ಲಿಗೆ ಎನ್ನುವುದಿಲ್ಲ, ತಿರುಗಿ ಮನೆ ಮುಟ್ಟುವ ತನಕ ನೀರು ಕೂಡ ಕೊಡುವುದಿಲ್ಲ. ಕನ್ನಡದಲ್ಲಿ ಹರಕೆ, ಮರಾಠಿಯಲ್ಲಿ ನವಸ, ಉರ್ದುವಿನಲ್ಲಿ ಮನ್ನತ್, ತೆಲುಗಿನಲ್ಲಿ ಮೊಕ್ಕು. ಹೆಸರು ಏನೇ ಇರಲಿ, ಗೌರವ ಎಲ್ಲ ಓಣಿಯಲ್ಲೂ ಒಂದೇ.

"ಹರಕಿಗೆ ಬರಿಗಾಲಾಗ ಹೋಗಬೇಕಲಾ," ಎಂದ ಮಾವ. "ಚಪ್ಪಲಿ ಬಿಟ್ರ ಡಾಕ್ಟರ್ ಕೊಲ್ತಾನ."

"ಹರಕಿ ನೀವ್ ಹೊರಬ್ಯಾಡ್ರಿ," ಎಂದಳು ಅತ್ತಿ. "ಮೌನದ ಹರಕಿ ಹೊತ್ತಾವ್ರ ಜೋಡಿ, ಅವ್ರ ಪರವಾಗಿ ಮಾತಾಡಾಕ ಒಬ್ರು ಹಿರೇರ ಹೋಗಬೇಕಲ್ಲ, ಆ ಹಿರೇರು ನೀವಾಗ್ರಿ. ಅವ್ರಿಗೆ ಚಪ್ಪಲಿ ನಡೀತೈತಿ."

ಹಾಗಾದರೆ ಹರಕೆ ಹೊರುವವರು ಯಾರು ಎಂದು ಕೇಳಲು ಬಾಯಿ ತೆರೆದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ಮಂಗಳವಾರದಿಂದ ಸುರುವಾಯಿತು. ಮುಂದೆ ನಾನು, ಒದ್ದೆ ಧೋತರ ತೊಡೆಗೆ ಅಂಟಿಕೊಂಡು, ಹೊಟ್ಟೆ ಖಾಲಿ, ತಿರುಗಿ ಮನೆ ಮುಟ್ಟುವ ತನಕ ಬಾಯಿ ಬಂದ್. ಹಿಂದೆ ಮಾವ, ಕಾಲಲ್ಲಿ ಮೆತ್ತನೆಯ ಚಪ್ಪಲಿ, ಕೈಯಲ್ಲಿ ಛತ್ರಿ. ಗಜೇಂದ್ರಗಡದ ಕಲ್ಲುಗಳ ಬಗ್ಗೆ ಅಲ್ಲಿಯತನಕ ನನಗೆ ತಿಳಿದಿರಲಿಲ್ಲ. ದೂರದಿಂದ ನೋಡಿದವರು ಗುಡ್ಡ ಬಹಳ ಚಂದ ಎನ್ನುತ್ತಾರೆ, ಅವರು ಅದನ್ನು ಅಂಗಾಲಿನಿಂದ ನೋಡಿಲ್ಲ. ಜಾಲಿಮುಳ್ಳು ಚುಚ್ಚಿದರೆ ಅಯ್ಯೋ ಎನ್ನುವಂತಿಲ್ಲ, ಮೌನ. ಮೇಯಲು ಹೊರಟ ಆಡುಗಳು ನಮ್ಮನ್ನು ದಾಟಿ ಮುಂದೆ ಹೋಗಿ, ನಿಂತು ತಿರುಗಿ ನೋಡುತ್ತಿದ್ದವು. ಗುಡ್ಡದ ಬುಡದಲ್ಲಿ ಮಾವ ನಿಲ್ಲುತ್ತಿದ್ದ. ನಾನು ಗುಡಿಯ ಮೆಟ್ಟಿಲು ಹತ್ತಿ ಇಳಿಯುವ ತನಕ ಅವನು ಕೆಳಗೆ ಅತ್ತಿಂದಿತ್ತ ಅಡ್ಡಾಡುತ್ತಿದ್ದ. ನಾನು ಹತ್ತುವುದು ಎಷ್ಟು ನಿಧಾನವೋ ಅವನ ನಡಿಗೆ ಅಷ್ಟು ಉದ್ದವಾಗುತ್ತಿತ್ತು. ನನ್ನಿಂದ ಅವನಿಗೆ ನಿಜವಾಗಿ ಆದ ಉಪಕಾರವೆಂದರೆ ಇದೊಂದೇ.

ಅತ್ತಿಯ ಮಾತು ಹುಸಿಯಾಗಲಿಲ್ಲ. ನಾವು ಬಂದರೆ ನೇಕಾರ ಅಜ್ಜಿ ಹಾಸಿನ ನೂಲು ಎತ್ತಿ ದಾರಿ ಬಿಡುತ್ತಿದ್ದಳು. ಬಳೆ ಅಂಗಡಿಯ ಸಾಹೇಬರು ಎದ್ದು ನಿಲ್ಲುತ್ತಿದ್ದರು. ಸುಭೇದಾರರು ಸಲಾಮು ಹೊಡೆಯುತ್ತಿದ್ದರು. ಒಂದು ಚೂರು ಬೆಲ್ಲ ಇಲ್ಲ, ಒಂದು ಬಟ್ಟಲು ಚಹಾ ಇಲ್ಲ. ಆದರೆ ಹರಕೆ ಎಂದ ಮೇಲೆ ಏತಕ್ಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನನ್ನು ಕೇಳುವಂತಿಲ್ಲ. ಸಾಹೇಬರು ಒಂದು ದಿನ ಮಾವನನ್ನು ಮೆಲ್ಲಗೆ ಕೇಳಿದರು. "ಮಾಸ್ತರ್ರು ಏನ್ ಬೇಡ್ಕೊಂಡಾರ್ರೀ?"

ಇದನ್ನು ನಾವು ಯಾರೂ ಮೊದಲೇ ಯೋಚಿಸಿರಲಿಲ್ಲ. ಮಾವ ಹುಟ್ಟಾ ವ್ಯಾಪಾರಿ, ಮಾತಿಗೆ ತಡವರಿಸುವವನಲ್ಲ. "ಕನ್ಯಾ ಸಿಗವಲ್ದರೀ ಇವಗ," ಎಂದ.

ನಾನು ತಿರುಗಿ ಅವನನ್ನು ನೋಡಿದೆ. ಕೈ ಆಡಿಸಿದೆ, ತಲೆ ಆಡಿಸಿದೆ. ಸಾಹೇಬರು ಅದನ್ನು ನಾಚಿಕೆ ಎಂದು ತಿಳಿದುಕೊಂಡರು. ಮೌನವೇ ಸಮ್ಮತಿ ಎಂದು ಹಿರಿಯರು ಅಂದದ್ದು ನನ್ನಂಥವರ ಕುತ್ತಿಗೆಗೆ ಬರಲಿ ಎಂದೇ ಇರಬೇಕು.

ಅವತ್ತಿನಿಂದ ನನ್ನ ಮಾನ ನಾಲ್ಕು ಭಾಷೆಯಲ್ಲಿ ಹೋಯಿತು. ಹೆಂಗಸರು ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿ ಲೊಚಗುಟ್ಟುತ್ತಿದ್ದರು. ನೇಕಾರ ಅಜ್ಜಿ ದಿನಾ ನನ್ನ ತಲೆಯ ಮೇಲೆ ಕೈ ಇಟ್ಟು, "ಮೈ ಹಿಂಗೈತಿ ಅಂತ ಒಲ್ಲೆ ಅನ್ನತಾರೇನೋ, ಕೂಸು," ಎಂದು ತನಗೆ ತಾನೇ ಕಾರಣ ಹುಡುಕುತ್ತಿದ್ದಳು. ಸಾಹೇಬರ ಮನೆಯವರು ದರ್ಗಾದಲ್ಲಿ ನನ್ನ ಸಲುವಾಗಿ ಊದು ಹಾಕಿಸಿದರು. ಸುಭೇದಾರರು, ಪಲ್ಟಣಿಯಲ್ಲಿ ನನಗಿಂತ ಕುರೂಪಿಗಳಿಗೂ ಲಗ್ನವಾದ ಉದಾಹರಣೆ ಹೇಳಿ ಧೈರ್ಯ ತುಂಬಿದರು. ಸಾಲೆಯಲ್ಲಿ ಸೀಟಿ ಊದಿದರೆ ಹುಡುಗರು ಓಡುವ ಬದಲು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನನ್ನ ಸಿಟ್ಟು ನೆತ್ತಿಗೇರುತ್ತಿತ್ತು, ಆದರೆ ಸಿಟ್ಟಿನಿಂದ ಎದ್ದು ಅವರ ಬೆನ್ನು ಹತ್ತಲು ಅಂಗಾಲಿನಲ್ಲಿ ಮುಳ್ಳು.

ಮುಂದಿನ ಸಲ ರೋಣದಲ್ಲಿ ನಳಿಗೆ ಹಸಿರಿಗೆ ನಿಂತಿತು. ಅದರ ಮುಂದಿನ ಸಲ ಹಸಿರು ತಿಳಿಯಾಗಿ ಸ್ವಲ್ಪ ನೀಲಿ ಕಂಡಿತು. ಕಪ್ಪು ಕಲೆ ಮಾಸಿತ್ತು. ಡಾಕ್ಟರು ಮಾವನ ಬೆನ್ನು ತಟ್ಟಿದರು. ನಾನು ಹೊರಗೆ ಬಂದು ದವಾಖಾನೆಯ ಗೋಡೆಗೆ ಮುಖ ಮಾಡಿ ಅತ್ತೆ. ಸಂತೋಷಕ್ಕೂ ಅತ್ತೆ, ಇನ್ನೂ ಎಷ್ಟು ದಿನ ಬರಿಗಾಲಲ್ಲಿ ನಡೆಯಬೇಕೋ ಎಂದೂ ಅತ್ತೆ. ಮಾವನಿಗಂತೂ ನಡಿಗೆ ರುಚಿ ಹತ್ತಿತ್ತು. ಎಷ್ಟೋ ದಿನ ಅವನೇ ಮುಂದಾಗಿ ಹೋಗುತ್ತಿದ್ದ, ಹರಕೆ ಹೊತ್ತವನು ಹಿಂದಿನಿಂದ ಕುಂಟುತ್ತಿದ್ದ.

ಸುದ್ದಿಗೆ ನನಗಿಂತ ಗಟ್ಟಿ ಕಾಲುಗಳಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿ ರೋಣದಲ್ಲಿ ಇಳಿದು ನರಗುಂದಕ್ಕೆ ಹೋಯಿತು. ಮಗ ಕನ್ಯೆಗಾಗಿ ಬರಿಗಾಲಲ್ಲಿ ಗುಡ್ಡ ಹತ್ತುತ್ತಿದ್ದಾನೆ ಎಂದು ಕೇಳಿ ನನ್ನ ಅಪ್ಪನಿಗೆ ಊರಲ್ಲಿ ತಲೆ ಎತ್ತಲಾಗದಂತಾಯಿತು. "ಬಾಯಿಬಿಟ್ಟ ಹೇಳಿದ್ರ ಆಗ್ತಿರಲಿಲ್ಲೇನು?" ಎಂದು ಹೇಳಿಕಳಿಸಿ, ಅವಸರದಿಂದ ನರಗುಂದದಲ್ಲೇ ಒಂದು ಮನೆ ಗೊತ್ತು ಮಾಡಿದ. ಹುಡುಗಿಯ ತಂದೆ ಒಂದೇ ಮಾತಿಗೆ ಒಪ್ಪಿದನಂತೆ. ಹೆಂಡತಿ ಬರುವ ಮೊದಲೇ ಇಷ್ಟು ನೋವು ತಿನ್ನುವವನು ಬಂದ ಮೇಲೆ ಎಷ್ಟು ತಾಳಿಕೊಂಡಾನು ಎಂದು ಅವನ ಲೆಕ್ಕ. ನಿಶ್ಚಯವಾಯಿತು. ನನಗೆ ಹುಡುಗಿ ಮೆಚ್ಚಿಗೆಯಾಗಿದ್ದಳು ಎಂಬುದನ್ನು ಇಲ್ಲಿ ಹೇಳದಿದ್ದರೆ ಈಗಲೂ ಮನೆಯಲ್ಲಿ ರೊಟ್ಟಿ ಸಿಗುವುದಿಲ್ಲ.

ಹರಕೆ ಫಲಿಸಿತು ಎಂದು ಗಜೇಂದ್ರಗಡದ ಎಲ್ಲ ಓಣಿಗಳಿಗೂ ಹಿಗ್ಗು. ತಮ್ಮ ತಮ್ಮ ದೇವರೇ ಇದನ್ನು ಮಾಡಿದ್ದು ಎಂದು ಎಲ್ಲರೂ ಹೇಳಿಕೊಂಡರು. ಫಲಿಸಿದ ಹರಕೆಯನ್ನು ಮುಗಿಸಬೇಕು. ಮುಗಿಸುವ ರೀತಿಯೆಂದರೆ, ಕೊನೆಯ ದಿನ ಗುಡ್ಡದಿಂದ ಇಳಿದು ಬಂದಾಗ ಜೊತೆಗೆ ನಡೆದ ಹಿರಿಯರ ಬಾಯಿಗೆ ಮೊದಲು ಸಿಹಿ ಹಾಕುವುದು, ಅವರ ಬಾಯಿ ಸಿಹಿಯಾದ ಮೇಲೆ ಹರಕೆ ಹೊತ್ತವನು ಮೌನ ಬಿಡುವುದು. ಈ ಪದ್ಧತಿ ನನಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತೋ ಏನೋ, ಆ ಮುಂಜಾನೆ ಅವನು ಯಾವುದೋ ಚಿಂತೆಯಲ್ಲಿ ಛತ್ರಿ ಮರೆತು ಹೊರಟಿದ್ದ.

ಮೆಟ್ಟಿಲು ಇಳಿದು ಬಂದು ನೋಡಿದರೆ ನೇಕಾರ ಓಣಿಯ ಬಾಯಲ್ಲಿ ಜನ ನಿಂತಿದ್ದಾರೆ. ಅಜ್ಜಿಯ ಕೈಯಲ್ಲಿ ಪರಮಾನ್ನ, ಸಾಹೇಬರ ಕೈಯಲ್ಲಿ ಮಾಲೀದಾ, ಸುಭೇದಾರರ ತಾಟಿನಲ್ಲಿ ಶಿರಾ, ಪೇಟೆಯವರು ತಂದ ಮಾದಲಿ. ಹಾಕಿದ ಬೆಲ್ಲವೆಲ್ಲ ಮಾವನ ಅಂಗಡಿಯದೇ. ನಡುವೆ ಮಾವ ನಿಂತಿದ್ದ. ಒಂದು ತುತ್ತಾದರೆ ಹೇಗೋ ನಡೆದೀತು, ಆದರೆ ಒಬ್ಬರದು ತಿಂದು ಇನ್ನೊಬ್ಬರದು ಬಿಡುವಂತಿಲ್ಲ. ಬೆರಳಿನ ಕಲೆ ಈಗಷ್ಟೇ ಮಾಸಿದೆ. ನಾನು ಮುಂದೆ ನುಗ್ಗಿ ಅವನ ಎದುರು ನಿಂತು ದೊಡ್ಡದಾಗಿ ಬಾಯಿ ತೆರೆದೆ. ಮಾತಾಡುವಂತಿಲ್ಲ, ತಿನ್ನುವುದಾದರೂ ನನಗೆ ಬರುತ್ತಿತ್ತು.

ಅಜ್ಜಿ ನನ್ನ ಗದ್ದ ಹಿಡಿದು ಬಾಯಿ ಮುಚ್ಚಿಸಿದಳು. "ಹಸಿವಾಗೇತಿ ಅಂತ ಗೊತ್ತೈತಿ, ಕೂಸು. ಮೊದಲ ಹಿರೇರ್ದು."

ಜನ ನಕ್ಕರು. ಅಜ್ಜಿ ಪರಮಾನ್ನದ ತುತ್ತನ್ನು ಮಾವನ ತುಟಿಯ ತನಕ ಒಯ್ದಳು. ಮಾವ ಅದನ್ನು ನೋಡಿದ, ಸುತ್ತಲಿನವರನ್ನು ನೋಡಿದ, ಆಮೇಲೆ ನನ್ನ ಕಾಲುಗಳನ್ನು ನೋಡಿದ. ಮುಳ್ಳು ಕಿತ್ತ ಗಾಯ, ಒಡೆದ ಹಿಮ್ಮಡಿ, ಮಣ್ಣು. ಅವನು ಕೈ ಮುಗಿದ.

"ತಿನ್ನಾಕ ಬರೂದಿಲ್ಲವಾ," ಎಂದ. "ನನಗ ಸಕ್ಕರಿ ಬ್ಯಾನಿ ಐತಿ. ತಿಂದ್ರ ಕಾಲ ಕಡೀತಾರ. ಇಂವ ಕನ್ಯಾದ ಸಲುವಾಗಿ ಅಡ್ಡಾಡಿಲ್ಲ, ನನ್ನ ಕಾಲ ಉಳೀಲಿ ಅಂತ ಅಡ್ಡಾಡ್ಯಾನ. ನಾ ನಿಮ್ಮ ಮುಂದ ಸುಳ್ಳ ಹೇಳಿದೆ."

ಒಳಗೆಲ್ಲೋ ಒಂದು ಮಗ್ಗ ನಡೆಯುತ್ತಿತ್ತು, ಅದು ನಿಂತಿತು. ಸುಭೇದಾರರು ತಮ್ಮ ತಾಟಿನ ಕಡೆ ನೋಡಿಕೊಂಡು, ಹಿಂದೆಮುಂದೆ ನೋಡಿ ಕೇಳಿದರು. "ಹಂಗಾದ್ರ ಸಾವಕಾರ್ರ, ಬೆಲ್ಲ?"

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ ದಿನದಿಂದ ಅವನು ಹೆದರಿದ್ದು ಈ ಪ್ರಶ್ನೆಗೆ. ಮಾವ ತಲೆ ತಗ್ಗಿಸಲಿಲ್ಲ.

"ಬೆಲ್ಲ ಚಲೋ ಐತ್ರಿ," ಎಂದ. "ಕೆಟ್ಟಾಂವ ನಾ."

ಅಜ್ಜಿ ತುತ್ತನ್ನು ತಿರುಗಿ ಪಾತ್ರೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ತನ್ನ ಮನೆಯೊಳಗೆ ಹೋದಳು. ಮುಗಿಯಿತು, ಮುಖ ತಿರುಗಿಸಿ ಹೋದಳು ಎಂದುಕೊಂಡೆ. ಹಿರಿಯರ ಬಾಯಿ ಸಿಹಿಯಾಗಿರಲಿಲ್ಲ, ಪದ್ಧತಿಯ ಪ್ರಕಾರ ನಾನಿನ್ನೂ ಮಾತಾಡುವಂತಿರಲಿಲ್ಲ.

ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಬೆಳಗಿದ ತಂಬಿಗೆ ಇತ್ತು. ಬೇರೇನೂ ಇರಲಿಲ್ಲ. ಮಾವನ ಎದುರಿಗೆ ನಿಂತು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಬೆಲ್ಲ ತಂದಿಲ್ಲ ನಾಯನಾ," ಎಂದಳು, ತೆಲುಗಿನಲ್ಲಿ ಮಗನನ್ನು ಕರೆಯುವಂತೆ. "ಬರೇ ನೀರ. ಕುಡಿ."

ಮಾವ ತಂಬಿಗೆ ಎತ್ತಿ ಕುಡಿದ. ನೀರು ಗಂಟಲಿನ ಮೇಲಿಂದ ಇಳಿದು ಅಂಗಿ ತೋಯಿಸಿತು, ಅವನು ನಿಲ್ಲಿಸಲಿಲ್ಲ. ಬರಿದಾದ ತಂಬಿಗೆಯನ್ನು ಬಹಳ ಹೊತ್ತು ಮುಖಕ್ಕೆ ಅಡ್ಡ ಹಿಡಿದುಕೊಂಡೇ ಇದ್ದ. ಆಮೇಲೆ ಅದನ್ನು ಅಜ್ಜಿಯ ಕಡೆ ಚಾಚಿದ.

"ಇನ್ನೊಂದೀಟ ಕೊಡವಾ," ಎಂದ.